ಐದು ಬೈ ಹದಿನೆಂಟು

ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುವ 180 ಮೀಟರ್ ಉದ್ದದ ರೈಲು ಒಂದು ಕಂಬವನ್ನು ದಾಟಲು ಎಷ್ಟು ಸೆಕೆಂಡು ಬೇಕು? ಸ್ಪರ್ಧಾತ್ಮಕ ಪರೀಕ್ಷೆ ಬರೆದ ಯಾರನ್ನೇ ಕೇಳಿ, ಈ ರೈಲು ಒಮ್ಮೆಯಾದರೂ ಅವರ ಎದೆಯ ಮೇಲೆ ಹಾದುಹೋಗಿರುತ್ತದೆ. ಅದು ಓಡುವುದು ಕಿಲೋಮೀಟರಿನಲ್ಲಿ, ಅಳೆಸಿಕೊಳ್ಳುವುದು ಮೀಟರಿನಲ್ಲಿ, ದಾಟುವುದು ಸೆಕೆಂಡಿನಲ್ಲಿ. ಎಲ್ಲವೂ ಒಂದೇ ಅಳತೆಯಲ್ಲಿ ಇದ್ದುಬಿಟ್ಟರೆ ಪ್ರಶ್ನೆ ತೆಗೆಯುವವರಿಗೆ ಕಸುಬೇ ಇರುವುದಿಲ್ಲ.

ನಮ್ಮಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು, ಕರೆದ ಹುದ್ದೆಗೆಲ್ಲ ಅರ್ಜಿ ಗುಜರಾಯಿಸಿ ಓದುತ್ತಿದ್ದಾಳೆ. ರೈಲ್ವೆಯದೂ ಉಂಟು, ಗ್ರಾಮ ಆಡಳಿತ ಅಧಿಕಾರಿಯದೂ ಉಂಟು. ಕೋಚಿಂಗ್‌ನಲ್ಲಿ ಅವಳಿಗೆ ಉಪದೇಶವಾದ ಮಂತ್ರ ‘ಐದು ಬೈ ಹದಿನೆಂಟು’. ಸಾವಿರ ಮೀಟರನ್ನು 3600 ಸೆಕೆಂಡಿನಿಂದ ಭಾಗಿಸಿ, ಸೊನ್ನೆ ಹೊಡೆದು ಇಳಿಸುತ್ತ ಬಂದರೆ ಉಳಿಯುವುದು ಅಷ್ಟೇ. ಅದರಿಂದ 72ನ್ನು ಗುಣಿಸಿದರೆ ಸೆಕೆಂಡಿಗೆ 20 ಮೀಟರ್. ಉತ್ತರ 9 ಸೆಕೆಂಡು. ಗಡಿಬಿಡಿಯಲ್ಲಿ ಮಂತ್ರವನ್ನು ತಲೆಕೆಳಗು ಮಾಡಿ 18/5 ಅಂದಿರೋ, ಬಡಪಾಯಿ ಪ್ಯಾಸೆಂಜರ್ ಗಾಡಿ ಸೆಕೆಂಡಿಗೆ 259 ಮೀಟರ್ ಓಡಿ, ಮೇಲೆ ಹಾರುತ್ತಿರುವ ವಿಮಾನವನ್ನೂ ಹಿಂದೆ ಹಾಕುತ್ತದೆ.

ಮಂತ್ರವನ್ನೇ ಮರೆತವರಿಗೂ ಏರ್ಪಾಟಿದೆ. 180ನ್ನು ಸೀದಾ 72ರಿಂದ ಭಾಗಿಸಿದರೆ ಎರಡೂವರೆ ಬರುತ್ತದಲ್ಲ, ಆ ಎರಡೂವರೆ ಆಯ್ಕೆ ‘ಎ’ಯಲ್ಲಿ ಹಲ್ಲು ಕಿರಿದುಕೊಂಡು ಕೂತಿರುತ್ತದೆ. ಪ್ರಶ್ನೆ ತೆಗೆಯುವವರ ಬಗ್ಗೆ ನನಗೆ ಗೌರವ ಹುಟ್ಟಿದ್ದೇ ಇಲ್ಲಿ. ಸರಿಯುತ್ತರವನ್ನು ಒಮ್ಮೆ ಲೆಕ್ಕ ಹಾಕಿದರೆ ಸಾಕು. ನಾವು ಎಲ್ಲೆಲ್ಲಿ ಜಾರುತ್ತೇವೆ ಎಂಬುದನ್ನು ಮೂರು ಬಗೆಯಲ್ಲಿ ಮುಂಚೆಯೇ ಲೆಕ್ಕ ಹಾಕಿಡಬೇಕು! ನಮ್ಮ ಉತ್ತರ ಆಯ್ಕೆಯಲ್ಲಿ ಕಂಡ ಸಂತೋಷಕ್ಕೆ ರೈಲ್ವೆ ಪರೀಕ್ಷೆಯಲ್ಲಿ ಕಟ್ಟಬೇಕಾದ ದಂಡ ಒಂದು ಅಂಕದ ಮೂರನೇ ಒಂದು ಭಾಗ.

ಚದರದ್ದು ಇನ್ನೊಂದು ಹಳ್ಳ. ಒಂದು ಮೀಟರಿಗೆ ನೂರು ಸೆಂಟಿಮೀಟರ್ ಎಂದು ಮಗುವೂ ಹೇಳುತ್ತದೆ. ಒಂದು ಚದರ ಮೀಟರಿಗೆ ಎಷ್ಟು ಚದರ ಸೆಂಟಿಮೀಟರ್ ಎಂದರೆ ಡಿಗ್ರಿ ಆದವರೂ ನೂರು ಅಂದುಬಿಡುತ್ತಾರೆ. ಹತ್ತು ಸಾವಿರ, ಸ್ವಾಮಿ.

ಆದರೂ ಇದೆಲ್ಲ ಹತ್ತರ ಮಗ್ಗಿಯೊಳಗಿನ ಕಷ್ಟ. ಮೊನ್ನೆ ಊರಿಂದ ಭಾವ ಪಹಣಿ ಹಿಡಿದುಕೊಂಡು ಬಂದರು. ಎಸ್ಸೆಸ್ಸೆಲ್ಸಿ ಗಣಿತಕ್ಕೆ ಶಾಶ್ವತವಾಗಿ ನಮಸ್ಕಾರ ಹೇಳಿದವರು. ಎರಡು ಸರ್ವೆ ನಂಬರು, ಎರಡರಲ್ಲೂ ವಿಸ್ತೀರ್ಣ 1-30.

“ಒಟ್ಟು ಎಷ್ಟಾಯ್ತಮ್ಮ?”

“ಎರಡು ಅರವತ್ತು, ಅಪ್ಪ.”

ಭಾವ ನನ್ನ ಕಡೆ ತಿರುಗಿದರು. “ಮೂರು ಎಕರೆ ಇಪ್ಪತ್ತು ಗುಂಟೆ ಅಲ್ವೇನಯ್ಯ? ನಾನು ಫೀಸು ಕಟ್ಟಿದ್ದು ಇದಕ್ಕೇನಾ?”

ನಲವತ್ತು ಗುಂಟೆಗೆ ಒಂದು ಎಕರೆ. ನೂರರ ಬದಲು ನಲವತ್ತಕ್ಕೆ ದಶಕ ಒಯ್ಯುವ ಈ ಸಂಕಲನವನ್ನು ನಮ್ಮ ರೈತರು ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ ಮಾಡಿ ಮುಗಿಸುತ್ತಾರೆ. ಕ್ಯಾಲ್ಕುಲೇಟರಿಗೆ ಕೊಟ್ಟರೆ ಅದು ಎರಡೂವರೆ ಎಕರೆಯನ್ನು 2.20 ಎಂದು ಒಪ್ಪಿಕೊಂಡು ಹನ್ನೆರಡು ಗುಂಟೆ ನುಂಗಿಹಾಕುತ್ತದೆ. ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗಲು ಅಷ್ಟು ಜಾಗ ಧಾರಾಳ ಸಾಕು.

ಇದೇ ಸಮಯವೆಂದು ನಾನೂ ಪಾಂಡಿತ್ಯ ತೆರೆದೆ. ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ. 1620ರ ಸುಮಾರಿಗೆ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ಭೂಮಿ ಅಳೆಯಲು 66 ಅಡಿಯ ಸರಪಳಿ ಮಾಡಿದ. ಅದರ ಅರ್ಧವೇ ನಮ್ಮ 33 ಅಡಿ. ಕ್ರಿಕೆಟ್ ಪಿಚ್ಚಿನ 22 ಗಜವೂ ಸರಿಯಾಗಿ ಒಂದು ಸರಪಳಿ. ಅಲ್ಲಿಗೆ, ಅರ್ಧ ಪಿಚ್ಚಿನಷ್ಟು ಉದ್ದ, ಅಷ್ಟೇ ಅಗಲದ ನೆಲ ಒಂದು ಗುಂಟೆ!

“ಇದು ಸಿಲಬಸ್ಸಿನಲ್ಲಿಲ್ಲ ಮಾವ,” ಎಂದು ಹುಡುಗಿ ಹಾಳೆ ತಿರುಗಿಸಿದಳು. ಭಾವ ಕಾಫಿ ಕೇಳಿದರು.

ಪರೀಕ್ಷೆಗೆ ಕೂರುವವರಲ್ಲಿ ನನ್ನದೊಂದು ಅರಿಕೆ: ಅಂಕಿಗಳಿಗೆ ಕೈಹಾಕುವ ಮುಂಚೆ ಅವುಗಳ ಪಕ್ಕದಲ್ಲಿ ನಿಂತಿರುವ ಪದಗಳನ್ನು ಓದಿಕೊಳ್ಳಿ. ಕೇಳಿರುವುದು ನಿಮಿಷವೋ ಸೆಕೆಂಡೋ, ಚದರವೋ ಘನವೋ, ಅಲ್ಲೇ ಇರುತ್ತದೆ. ಮತ್ತೆ, ಉತ್ತರ ಅರೆಕ್ಷಣದಲ್ಲಿ ಆಯ್ಕೆ ‘ಎ’ಯಲ್ಲೇ ಸಿಕ್ಕಿಬಿಟ್ಟರೆ ದಯವಿಟ್ಟು ಇನ್ನೊಮ್ಮೆ ನೋಡಿ.