ಕಲ್ಯಾಣಿ ರಾಗದ ಸೂಟ್‌ಕೇಸು

ತಿಲಕ್ ನಗರದ ನಮ್ಮ ಮನೆಯ ಬೀಗದ ಕೈ ಎದುರುಮನೆಯಲ್ಲಿರುತ್ತದೆ. ಅವರು ಊರಲ್ಲಿಲ್ಲದಿದ್ದರೆ ಹೊಂಗೆಮರದಡಿಯ ಇಸ್ತ್ರಿಯವನ ಹತ್ತಿರ. ಅವನೂ ಇಲ್ಲವೆಂದರೆ ಕಿಟಕಿಯೊಳಗೆ ಕೈ ತೂರಿಸಿ ಎಡಕ್ಕೆ ತಡವಿ, ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಹಾಲಿನವನು, ಗ್ಯಾಸಿನವನು, ಸೊಪ್ಪಿನವಳು ಎಲ್ಲರಿಗೂ ಇದು ಗೊತ್ತು. ಹೀಗೆ ನಿಶ್ಚಿಂತೆಯಾಗಿ ಬಾಳಿದ ಅಮ್ಮ, ಪಿಟ್ಸ್‌ಬರ್ಗಿನ ನಮ್ಮ ಮನೆಗೆ ಹೊರಟಾಗ ಮಾತ್ರ ನಂಬರ್ ಬೀಗದ ಸೂಟ್‌ಕೇಸೇ ಬೇಕೆಂದು ಹಟ ಹಿಡಿದಳು. ಅದರೊಳಗಿದ್ದ ಒಡವೆಗಳು: ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಅರಳು ಸಂಡಿಗೆ. ಎಲ್ಲ ಸೇರಿ 23 ಕಿಲೊ, ಮೇಲೊಂದು ಶಾಲು.

ಅಪ್ಪ ಬರಲಿಲ್ಲ. ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಲ್ಲ. ಈಗ ಫೋನಿಗೆ ಮುಖ ತೋರಿಸಿಯೂ ಬದುಕಿರಬಹುದು ಎಂದೆ. ಬ್ಯಾಂಕಿಗೆ ಖುದ್ದಾಗಿ ಹೋಗಿ ಬದುಕಿರೋದೇ ವಾಸಿ ಎಂದರು.

ಅಮ್ಮ ಶಿಕಾಗೋದಲ್ಲಿ ಇಳಿದು, ಕಸ್ಟಮ್ಸ್ ದಾಟಿಸಿದ ಸೂಟ್‌ಕೇಸನ್ನು ಮತ್ತೆ ಬೆಲ್ಟಿಗೆ ಹಾಕಿ, ಇನ್ನೊಂದು ವಿಮಾನ ಹಿಡಿದು ಬಂದಳು. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಸೂಟ್‌ಕೇಸು ಮಲಗಿಸಿ, ನನ್ನ ಕಿವಿಯಲ್ಲಿ "ಒಂದು, ಆರು, ಐದು" ಎಂದು ಪಿಸುಗುಟ್ಟಿದಳು.

"ಜೋರಾಗೇ ಹೇಳಿ ಅತ್ತೆ, ಈ ಬೀದೀಲಿ ಇನ್ಯಾರಿಗೂ ಕನ್ನಡ ಬರಲ್ಲ," ಎಂದಳು ನನ್ನ ಹೆಂಡತಿ.

165 ತಿರುಗಿಸಿದೆ. ತೆರೆಯಲಿಲ್ಲ. ಅಮ್ಮ ತಿರುಗಿಸಿದಳು. ಹೆಂಡತಿ ಎರಡು ಗುದ್ದು ಕೊಟ್ಟಳು. ಊಹೂಂ.

"ನಿಮ್ಮಪ್ಪಂಗೆ ಫೋನ್ ಮಾಡು, ಕ್ಯಾಲೆಂಡರಲ್ಲಿ ಬರೆದಿಟ್ಟಿರ್ತಾರೆ."

ನಮಗೆ ರಾತ್ರಿ ಒಂಬತ್ತು, ತಿಲಕ್ ನಗರದಲ್ಲಿ ಬೆಳಿಗ್ಗೆ ಏಳೂವರೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ಹುಡುಕಿ, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ನಮ್ಮಪ್ಪನ ಕ್ಯಾಲೆಂಡರಿನಲ್ಲಿ ಏಕಾದಶಿಯ ತಲೆಯ ಮೇಲೆ ಹಾಲಿನ ಲೆಕ್ಕ, ಸಂಕಷ್ಟಿಯ ಪಕ್ಕದಲ್ಲಿ ಕರೆಂಟ್ ಬಿಲ್ಲು. ಒಂದೊಂದೇ ಅಂಕಿ ಓದಿದರು, ನಾವು ಭಕ್ತಿಯಿಂದ ತಿರುಗಿಸಿದೆವು. ನಾಲ್ಕನೆಯ ಅಂಕಿಯನ್ನೂ ಓದಿದಾಗ ಗೊತ್ತಾಯಿತು, ಅದು ಸಿಲಿಂಡರ್ ತಂದವನಿಗೆ ಹೇಳಬೇಕಾದ ಓಟಿಪಿ.

ಈಗ ಮುಂದೆ ಬಂದದ್ದು ಹನ್ನೊಂದು ವರ್ಷದ ಮಗಳು. ಈ ವರ್ಷವಷ್ಟೇ ಅವಳಿಗೆ ಶಾಲೆಯಲ್ಲಿ ಲಾಕರ್ ಕೊಟ್ಟಿದ್ದಾರೆ. ಬಲಕ್ಕೆ ತಿರುಗಿಸಿ ಮೊದಲ ಅಂಕಿ, ಎಡಕ್ಕೆ ತಿರುಗಿಸಿ ಅದನ್ನೊಮ್ಮೆ ದಾಟಿ ಎರಡನೆಯದು, ಮತ್ತೆ ಬಲಕ್ಕೆ. ಮನೆಯಲ್ಲಿ ಬೀಗದ ಮೇಲೆ ಮಾತಾಡುವ ಅಧಿಕಾರ ಈಗ ಅವಳದು. "ಮೂರು ಚಕ್ರ, 000ದಿಂದ 999, ಒಟ್ಟು ಸಾವಿರ. ಒಂದಕ್ಕೆ ಮೂರು ಸೆಕೆಂಡು ಅಂದ್ರೂ ಐವತ್ತು ನಿಮಿಷ," ಎಂದಳು.

"ಸಾವಿರ ತಾನೆ?" ಅಮ್ಮನ ಮುಖ ಅರಳಿತು. "ವಿಷ್ಣು ಸಹಸ್ರನಾಮ ಹೇಳ್ತೀನಿ. ನಾಮಕ್ಕೊಂದು ತಿರುಗಿಸ್ತಾ ಹೋಗು ಪುಟ್ಟಿ."

ಉಪಾಯ ಚೆನ್ನಾಗಿಯೇ ಇತ್ತು. ಆದರೆ ದಿನವೂ ಕುಕ್ಕರಿನ ಮೂರನೇ ಸೀಟಿಯೊಳಗೆ ಮುಗಿಸಿ ಅಭ್ಯಾಸವಾದ ಸಹಸ್ರನಾಮ ಅದು. ಒಂದು ನಾಮ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹುಟ್ಟಿತೆಂಬುದು ಮಹಾವಿಷ್ಣುವಿಗೇ ಗೊತ್ತಾಗಬೇಕು. ಅಮ್ಮ ಫಲಶ್ರುತಿ ಮುಟ್ಟಿದಾಗ ಮಗಳು 412ರಲ್ಲಿದ್ದಳು.

ಬೆರಳು ನೀವಿಕೊಳ್ಳುತ್ತ ಕೇಳಿದಳು, "ಅಜ್ಜಿ, 165 ಯಾಕೆ? ಯಾರ ಬರ್ತ್‌ಡೇ?"

ಅಮ್ಮ ಸಂಗೀತದ ಟೀಚರು, ನಿವೃತ್ತಿಯಾದರೂ ಪಾಠ ಬಿಟ್ಟಿಲ್ಲ. "ಬರ್ತ್‌ಡೇ ಇಟ್ಟರೆ ಕಳ್ಳನಿಗೂ ಗೊತ್ತಾಗುತ್ತೆ. ಇದು ಕಟಪಯಾದಿ. ಕ, ಟ, ಪ, ಯ ನಾಲ್ಕೂ ಒಂದು. ಅಲ್ಲಿಂದ ಮುಂದಕ್ಕೆ ಎಣಿಸಿಕೊಂಡು ಹೋಗ್ತಾ ಇರು. 72 ಮೇಳಕರ್ತ ರಾಗಗಳ ಮೊದಲ ಎರಡಕ್ಷರದಲ್ಲೇ ಅದರ ನಂಬರು ಇರುತ್ತೆ. ಕಲ್ಯಾಣಿಗೆ ಮೇಚ, ಶಂಕರಾಭರಣಕ್ಕೆ ಧೀರ ಅಂಟಿಸಿದ್ದೇ ಅದಕ್ಕೆ. ಮೇ ಅಂದ್ರೆ ಐದು, ಚ ಆರು. ತಿರುವಿ ಹಾಕಿದರೆ 65, ಮೇಚಕಲ್ಯಾಣಿ. ಬೀಗದಲ್ಲಿ ಮೂರು ಮನೆ ಇತ್ತಲ್ಲ, ಮುಂದಿನ ಕ ಸೇರಿಸಿದೆ."

ನಾವು ನಾಲ್ಕಂಕಿಯ ಪಿನ್ ನೆನಪಿಡಲು ಹೆಣಗುವವರು. ಹಿರಿಯರು ಪಾಸ್‌ವರ್ಡನ್ನು ರಾಗದ ಹೆಸರಿನೊಳಗೇ ಹುದುಗಿಸಿ, ಅದನ್ನು ಸಭೆಯಲ್ಲಿ ಹಾಡಿಯೂ ಬಿಟ್ಟಿದ್ದಾರೆ. ನನಗೆ ಹೆಮ್ಮೆಯಾಯಿತು. ಮಗಳಿಗೆ ಅನುಮಾನ ಬಂತು.

"ತಿರುವಿ ಹಾಕಿದ್ದು ಯಾರು? ನೀವಾ?"

"ಇಲ್ಲಮ್ಮ, ಫೋರ್ತ್ ಬ್ಲಾಕ್ ಅಂಗಡಿ ಹುಡುಗ ಬೀಗಕ್ಕೆ ನಂಬರ್ ಕೂರಿಸಿಕೊಟ್ಟ. ನಾನು ಬೆರಳು ಮಡಚಿ ಎಣಿಸ್ತಾ ಇದ್ದೆ, ಮೇ ಐದು, ಚ ಆರು, ಕ ಒಂದು ಅಂತ..." ಅಮ್ಮ ಅಲ್ಲಿಗೆ ನಿಲ್ಲಿಸಿದಳು.

561. ಟಕ್ ಎಂದಿತು.

ಶಾಲಿನ ಮೇಲೊಂದು ಅಚ್ಚುಹಾಕಿದ ಚೀಟಿ. ನಿಮ್ಮ ಸಾಮಾನನ್ನು ತೆರೆದು ತಪಾಸಣೆ ಮಾಡಿದ್ದೇವೆ, ಇಂತಿ ಟಿಎಸ್ಎ. ಚಟ್ನಿಪುಡಿಯ ಪೊಟ್ಟಣಕ್ಕೆ ಅಮ್ಮ ಹಾಕಿದ್ದ ಎರಡು ರಬ್ಬರ್‌ಬ್ಯಾಂಡಿನಲ್ಲಿ ಒಂದೇ ಉಳಿದಿತ್ತು.

"ನಮಗೇ ಸಿಗದ ನಂಬರು ಅವರಿಗೆ ಹೇಗೋ ಸಿಕ್ತು?"

ಚಕ್ರದ ಪಕ್ಕದ ಪುಟ್ಟ ಕೀಲಿಕಂಡಿ ತೋರಿಸಿದೆ. ಟಿಎಸ್ಎ 007 ಎಂದಿತ್ತು. 2001ರ ವಿಮಾನ ದಾಳಿಗಳಾದ ಮೇಲೆ ಹುಟ್ಟಿದ, ಇಲ್ಲಿನ ವಿಮಾನ ನಿಲ್ದಾಣಗಳ ಭದ್ರತೆಯ ಇಲಾಖೆ, ಇಂಥ ಬೀಗಗಳಿಗೆಲ್ಲ ಅವರ ಹತ್ತಿರ ಕೀಲಿ ಇರುತ್ತದೆ ಎಂದೆ. 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಆ ಕೀಲಿಗಳ ಫೋಟೊ ಬಂದುಬಿಟ್ಟು, ಮರುವರ್ಷ ಯಾರೋ ತ್ರೀಡಿ ಪ್ರಿಂಟರಿನಲ್ಲಿ ಅಂಥದೇ ಕೀಲಿ ಮಾಡಿದ್ದನ್ನೂ ಹೇಳಿದೆ. ಅಮ್ಮ ಗಾಬರಿಯಾಗುತ್ತಾಳೆಂದುಕೊಂಡರೆ, ಹಾಯಾಗಿ ಸೋಫಾಕ್ಕೆ ಒರಗಿದಳು.

"ಅಂದ್ರೆ, ಎದುರುಮನೇಲಿ ಕೊಟ್ಟು ಬಂದ ಹಾಗೇ ಆಯ್ತು ಬಿಡು." ಪೊಟ್ಟಣವನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದಳು. "ತೆಗೆದಿದ್ದೂ ತೆಗೆದರು, ಒಂದು ಚಮಚ ಬಾಯಿಗೆ ಹಾಕ್ಕೋಬಾರದಿತ್ತಾ, ಪಾಪ."