ಸಿಮ್ಸ್ ಜಗತ್ತಿನಲ್ಲಿ ಮಾಳಿಗೆ ಮನೆಯ ಪುನರ್‌ನಿರ್ಮಿತಿ: ಒಂದು ಅಂತರ್‌ಶಿಸ್ತೀಯ ತಾತ್ತ್ವಿಕ ಮುಖಾಮುಖಿ

1.0 ಪೀಠಿಕೆ

ಮೊಳಕಾಲ್ಮುರು ತಾಲ್ಲೂಕಿನ ಬಗ್ಗೆ ಬರೆಯುವ ಯಾವುದೇ ಪ್ರಬಂಧ ಅಶೋಕನಿಂದಲೇ ಶುರುವಾಗಬೇಕು ಎಂಬುದು ವಿದ್ವತ್ ವಲಯದ ಅಲಿಖಿತ ಶಾಸನ. ಆದಕಾರಣ ಅಶೋಕ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅವನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬರೆದವನ ಹೆಸರು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಈ ಪುಣ್ಯಾತ್ಮ ತನ್ನ 'ಲಿಪಿಕಾರ' ಎಂಬ ಹುದ್ದೆಯನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೆತ್ತಿದ. ಊರಿನವರಿಗೆ ಓದಲಾಗದ ಅಕ್ಷರದಲ್ಲಿ ತನ್ನ ಪದವಿಯನ್ನು ತಾನೇ ಬರೆದುಕೊಂಡ ಈ ಸೀಮೆಯ ಮೊದಲ ವಿದ್ವಾಂಸ ಅವನು. ಪರಂಪರೆ ಈಗಲೂ ಜೀವಂತವಾಗಿದೆ.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಬುಡವನ್ನು ಅಗೆದು ಕಲ್ಲುಕೊಡಲಿಯ ಕಾಲದವರೆಗೆ ಇಳಿದರು. ಇದಕ್ಕೂ ಪ್ರಸ್ತುತ ವಿಷಯಕ್ಕೂ ಯಾವ ಸಂಬಂಧವೂ ಇಲ್ಲ. ಸಂಬಂಧವಿದ್ದರೆ ಅದು ಪೀಠಿಕೆ ಎನಿಸಿಕೊಳ್ಳುವುದಿಲ್ಲ.

1.1 ಸಮಸ್ಯೆಯ ಸಮಸ್ಯೀಕರಣ

ಸಿಮ್ಸ್ ಎಂಬುದು ಮನೆ ಕಟ್ಟಿ ಸಂಸಾರ ನಡೆಸುವ ಕಂಪ್ಯೂಟರ್ ಆಟ. ಮೊದಲ ಆವೃತ್ತಿ ಬಂದದ್ದು 2000ದಲ್ಲಿ, ನಾಲ್ಕನೆಯದು 2014ರಲ್ಲಿ. ಅದರ ಕರ್ತೃ ವಿಲ್ ರೈಟ್. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಗುಡ್ಡಗಳಿಗೆ ಬೆಂಕಿ ಬಿದ್ದಾಗ ಅವರ ಮನೆಯೂ ಸುಟ್ಟುಹೋಯಿತು. ಮನೆಯೊಳಗಿನ ಒಂದೊಂದೇ ಸಾಮಾನನ್ನು ಮತ್ತೆ ಕೂಡಿಸಿಕೊಳ್ಳುವಾಗ ಈ ಆಟ ಹೊಳೆಯಿತಂತೆ. ಅವರ ಮನಸ್ಸಿನಲ್ಲಿ ಮೊದಲು ಇದ್ದದ್ದು ಬರೀ ಮನೆ ವಿನ್ಯಾಸದ ಆಟ. ಕಟ್ಟಿದ ಮನೆ ಹೇಗಿದೆಯೆಂದು ಅಂಕ ಕೊಡುವುದಕ್ಕಾಗಿ ಅದರೊಳಗೆ ಪುಟ್ಟ ಮನುಷ್ಯರನ್ನು ಬಿಟ್ಟರು. ಕೊನೆಗೆ ಆಟವೆಲ್ಲ ಆ ಮನುಷ್ಯರದೇ ಆಯಿತು.

'ಸಿಮ್' ಎನಿಸಿಕೊಳ್ಳುವ ಈ ಮನುಷ್ಯರು ಆಡುವ ಭಾಷೆ ಸಿಮ್ಲಿಷ್. ಅದಕ್ಕೆ ಅರ್ಥವಿಲ್ಲ, ಏರಿಳಿತ ಮಾತ್ರ ಇದೆ. ಆದರೂ ಕೇಳುವವರು ಕೈ ಆಡಿಸುತ್ತಾರೆ, ತಲೆದೂಗುತ್ತಾರೆ. ರಾಷ್ಟ್ರೀಯ ವಿಚಾರ ಸಂಕಿರಣದ ಎರಡನೇ ಗೋಷ್ಠಿಯಲ್ಲಿ ಕುಳಿತು ಅಭ್ಯಾಸವಿರುವ ಪ್ರಸ್ತುತ ಅಧ್ಯೇತನಿಗೆ ಅದನ್ನು ಗ್ರಹಿಸಲು ತೊಂದರೆಯಾಗಲಿಲ್ಲ.

1.2 ಅಧ್ಯಯನ ವಿಧಾನ

ಕ್ಷೇತ್ರ: ಚಳ್ಳಕೆರೆಯ ಅಕ್ಕನ ಮನೆಯ ನಡುಮನೆ. ವಕ್ತೃ: ಪಿಯುಸಿ ಓದುವ ಅಕ್ಕನ ಮಗಳು. ಉಪವಕ್ತೃ: ಮೊಳಕಾಲ್ಮುರಿನಿಂದ ಬಂದಿರುವ ಆಕೆಯ ಅಜ್ಜಿ. ಸಲಕರಣೆ: ಲ್ಯಾಪ್‌ಟಾಪು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬಜ್ಜಿಯ ಎಣ್ಣೆ ಕಡಲೆಕಾಯಿಯದು. ಒಂದು ಕಾಲಕ್ಕೆ ಎಣ್ಣೆ ಗಿರಣಿಗಳಿಂದಾಗಿ ಎರಡನೇ ಬೊಂಬಾಯಿ ಎನಿಸಿಕೊಂಡ ಊರಿನಲ್ಲಿ ಇದನ್ನು ದಾಖಲಿಸದಿದ್ದರೆ ಅಧ್ಯಯನ ಅಪೂರ್ಣ.

ಸಂಶೋಧನಾ ಪ್ರಶ್ನೆ ಹುಟ್ಟಿದ್ದು ಹುಡುಗಿಯ ಬಾಯಲ್ಲಿ: "ಮಾಮ, ಅಜ್ಜಿ ಹುಟ್ಟಿದ ಮನೆನ ಇದ್ರಾಗೆ ಕಟ್ತೀನಿ. ನೀನು ಹಳೇದೆಲ್ಲ ಓದೀಯಲ್ಲ, ಹೇಳು."

2.0 ಸಪ್ತಾಂಗ ವರ್ಗೀಕರಣ

ಬಯಲುಸೀಮೆಯ ಮಾಳಿಗೆ ಮನೆಯನ್ನು ಏಳು ಅಂಗಗಳಾಗಿ ವಿಂಗಡಿಸಬಹುದು: ಊರ್ಧ್ವಾಂಗ, ಅಧೋಂಗ, ಪಶ್ವಂಗ, ಧಾನ್ಯಾಂಗ, ಅಗ್ನ್ಯಂಗ. ಉಳಿದೆರಡನ್ನು ಊಟದ ವಿರಾಮದ ನಂತರ ಕಂಡುಹಿಡಿಯಲಾಗುವುದು.

2.1 ಊರ್ಧ್ವಾಂಗ ಅಥವಾ ಆಕಾಶಾಭಿಮುಖ ಆವರಣದ ಸಂಕಥನ

ಜನ ಇದನ್ನು ಮಾಳಿಗೆ ಎನ್ನುತ್ತಾರೆ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೀಳು ಕಟ್ಟಿಗೆ, ಬಂದರಿ ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು. ಕರಲೆಂದರೆ ಬೆಳೆ ಬಾರದ ಉಪ್ಪು ನೆಲದ ಬಿಳಿಚು ಮಣ್ಣು. ಹೊಲಕ್ಕೆ ಬೇಡವಾದದ್ದು ಮನೆಗೆ ಬೇಕು. ನಾಲ್ಕು ಹನಿ ಬಿದ್ದರೆ ಅದು ಅಂಟಿನಂತೆ ಕೂಡಿಕೊಂಡು ನೀರು ಇಳಿಯಲು ಬಿಡುವುದಿಲ್ಲ. ಮುಂಗಾರಿಗೆ ಮುಂಚೆ ಹೊಸ ಕರಲು ಹೊಡೆದು ಹಾಕಬೇಕು, ಬಡಿಯಬೇಕು, ದೋಣಿಯ ಬಾಯಿ ಬಿಡಿಸಬೇಕು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಗೆ ಈ ಸೂರು ಸಾಕು. ಇದೇ ಸೂರನ್ನು ಆಗುಂಬೆಯಲ್ಲಿ ಹಾಕಿದವನು ಬೆಳಿಗ್ಗೆ ತಿಪ್ಪೆಯಲ್ಲಿ ಏಳುತ್ತಾನೆ.

ನಡುವೆ ಗವಾಕ್ಷಿ. ಗೋಡೆಯಲ್ಲಿ ಕಿಟಕಿಯಿಲ್ಲದ ಮನೆಗೆ ಅದೊಂದೇ ಕಣ್ಣು. ಮಳೆ ಬಂತೆಂದರೆ ಮನೆಯ ಹುಡುಗನೊಬ್ಬ ನೆನೆಯುತ್ತ ಏಣಿ ಹತ್ತಿ ಅದರ ಮೇಲೆ ಚಪ್ಪಡಿ ಎಳೆದು ಬರಬೇಕು.

ಸಿಮ್ಸ್ ನಾಲ್ಕರಲ್ಲಿ ಈ ಕಷ್ಟವೇನಿಲ್ಲ. ನಾಲ್ಕು ಗೋಡೆ ಕೂಡಿದರೆ ಅದು ಕೋಣೆ. ಮೇಲೆ ಸೂರು ಹೊದಿಸುವುದನ್ನು ಮರೆತರೂ ಒಳಗೆ ಮಳೆ ಬೀಳುವುದಿಲ್ಲ. ಸರ್ಕಾರಿ ಕಟ್ಟಡಗಳಲ್ಲಿ ಇದರ ತದ್ವಿರುದ್ಧ ತಂತ್ರಜ್ಞಾನವಿದೆ ಎಂಬುದನ್ನು ತೌಲನಿಕವಾಗಿ ಗಮನಿಸಬೇಕು.

2.2 ಅಧೋಂಗ ಅಥವಾ ಭೂಗರ್ಭೀಯ ಶೂನ್ಯದ ತಾತ್ತ್ವಿಕತೆ

ಹುಡುಗಿ ಕಂಬ ನಿಲ್ಲಿಸಿದಳು, ಗೋಡೆಗೆ ಕೆಮ್ಮಣ್ಣಿನ ಬಣ್ಣ ಹಚ್ಚಿದಳು, ಜಗಲಿ ಕಟ್ಟಿದಳು. ಲಕ್ಷಣವಾಗಿತ್ತು. ಅಜ್ಜಿ ಕನ್ನಡಕ ಏರಿಸಿ ನೋಡಿದರು.

"ಮಗ್ಗ ಎಲ್ಲೈತವ್ವ?"

"ಮಗ್ಗ ಸಿಗಲ್ಲಜ್ಜಿ. ಪಿಯಾನೊ ಐತೆ."

"ಪ್ಯಾನೊ ಸೀರೆ ನೇಯ್ತದಾ?"

ಇಲ್ಲಿ ಪ್ರಸ್ತುತ ಅಧ್ಯೇತ 'ಅನುಪಸ್ಥಿತಿಯ ಉಪಸ್ಥಿತಿ' ಎಂಬ ಪರಿಕಲ್ಪನೆಯನ್ನು ಮಂಡಿಸಲು ಹೊರಟಿದ್ದ. ಅಜ್ಜಿ ಅವಕಾಶ ಕೊಡಲಿಲ್ಲ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆ ಸೀರೆ ಹುಟ್ಟುತ್ತಿದ್ದದ್ದು ಇಂಥ ಮನೆಗಳ ನೆಲದಲ್ಲಿ ತೋಡಿದ ಒಂದು ಕುಣಿಯಿಂದ. ನೇಯುವವರು ಕುಣಿಯ ಅಂಚಿಗೆ ನೆಲಮಟ್ಟದಲ್ಲಿ ಕೂರುತ್ತಾರೆ, ಕಾಲು ಕೆಳಗೆ ಇಳಿಬಿಡುತ್ತಾರೆ. ತುಳಿಯುವ ಹಲಗೆ ಕುಣಿಯೊಳಗೆ, ಹಾಸು ಎದೆಯ ಮುಂದೆ, ಕೈಗೆ ಲಾಳಿ. ಕುಣಿ ಇರುವುದರಿಂದ ಮಗ್ಗವನ್ನು ಎತ್ತರಿಸಬೇಕಿಲ್ಲ, ಮಗ್ಗ ಎತ್ತರಿಸಬೇಕಿಲ್ಲದ್ದರಿಂದ ಸೂರು ತಗ್ಗಿದ್ದರೂ ನಡೆಯುತ್ತದೆ. ಎಳೆ ಕಾಣಬೇಕಾದ ಜಾಗಕ್ಕೆ ಬೆಳಕಿಂಡಿ. ಬಾಗಿಲಿಂದ ಗಾಳಿಯೂ ಧೂಳೂ ನೇರ ನುಗ್ಗದಂತೆ ಮಗ್ಗ ಒಳಗೆ ಸರಿದಿರುತ್ತದೆ. ಅಂದರೆ ಮೊದಲು ಕುಣಿ. ಮನೆ ಅದರ ಸುತ್ತ ಎದ್ದಿದೆ.

ಆಟದಲ್ಲಿ ನೆಲ ಅಗೆದು ನೆಲಮಾಳಿಗೆ ಮಾಡಬಹುದು. ಹುಡುಗಿ ಮಾಡಿದಳು. ಅದರೊಳಗೆ ಇಳಿಯಲು ಮೆಟ್ಟಿಲು ಕೇಳಿತು. ಮೆಟ್ಟಿಲಿಟ್ಟ ಮೇಲೆ ಅದು ಕೋಣೆಯಾಯಿತು. ಅಂಚಿನಲ್ಲಿ ಕೂತು ಕಾಲು ಇಳಿಬಿಡುವ ಸಿಮ್ ಹುಟ್ಟಲೇ ಇಲ್ಲ.

"ಕುಣಿ ಇಲ್ದಿದ್ರೆ ಅದ್ಯಾತರ ಮನೆ ಬಿಡು, ಛತ್ರ," ಎಂದರು ಅಜ್ಜಿ.

2.3 ಪಶ್ವಂಗ

ಹಳೆಯ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ದನ, ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಜನ. ಗೋದಲಿಗೆ ಮೇವು ಹಾಕಿ, ಬಾಗಿಲು ಮುಂದೆ ಮಾಡಿ, ಕಣ್ಣಳತೆಯಲ್ಲೇ ಮಲಗುತ್ತಿದ್ದರು. ಸಿಮ್ಸ್ ನಾಲ್ಕರ ಮೂಲ ಆಟ 2022ರ ಅಕ್ಟೋಬರ್‌ನಿಂದ ಪುಕ್ಕಟೆ. ಆದರೆ ಅದರಲ್ಲಿ ಹಸುವಿಲ್ಲ. ಹಸು ಬೇಕಾದರೆ 2021ರ 'ಕಾಟೇಜ್ ಲಿವಿಂಗ್' ಕೊಳ್ಳಬೇಕು. ಕುರಿ ಬೇಕಾದರೆ 2023ರ 'ಹಾರ್ಸ್ ರ್‍ಯಾಂಚ್'. ಅದರಲ್ಲೂ ಗಿಡ್ಡ ಜಾತಿಯ ಕುರಿ ಮಾತ್ರ. ಚಳ್ಳಕೆರೆಯ ಸಂತೆಯಲ್ಲಿ ಅಂಥದ್ದನ್ನು ತಂದು ನಿಲ್ಲಿಸಿದರೆ ದಲ್ಲಾಳಿ ಬಾಯಿ ಮಾತಿಗೂ ಬೆಲೆ ಕೇಳುವುದಿಲ್ಲ.

ಧಾನ್ಯಾಂಗ, ಅಗ್ನ್ಯಂಗ ಇತ್ಯಾದಿ ಸಾಕು. ಹಗೇವು, ಒಲೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಈ ಅಂಗಗಳನ್ನೆಲ್ಲ ಹುಟ್ಟಿಸಿದ್ದು, ನಿಜ ಹೇಳಬೇಕೆಂದರೆ, ಸಂಕಿರಣಗಳ ಮೇಲಿನ ಸಿಟ್ಟಿಗೆ. 'ದೇಸಿ ವಾಸ್ತುವಿನ ಬಹುತ್ವದ ನೆಲೆಗಳು' ಎಂಬ ಹೆಸರಿನ ಗೋಷ್ಠಿಯಲ್ಲಿ, ಮಾಳಿಗೆ ಮನೆಯೊಳಗೆ ಒಂದು ರಾತ್ರಿಯೂ ಮಲಗದವರು, ಗವಾಕ್ಷಿಯನ್ನು 'ಲೋಕದೊಂದಿಗಿನ ಅನುಸಂಧಾನದ ರೂಪಕ' ಎಂದದ್ದನ್ನು ಕಿವಿಯಾರೆ ಕೇಳಬೇಕಾಯಿತು. ಅದು ಹೊಗೆ ಹೋಗುವ ಕಿಂಡಿ ಸ್ವಾಮಿ. ಪ್ರಬಂಧಕ್ಕೆ ಐಎಸ್‌ಎಸ್‌ಎನ್ ಸಂಖ್ಯೆ ಸಿಕ್ಕಿತು, ಬಡ್ತಿಗೆ ಅಂಕ ಸಿಕ್ಕಿತು, ಎಲ್ಲರಿಗೂ ಹೋಳಿಗೆ ಊಟ ಸಿಕ್ಕಿತು. ಮನೆಗೆ ಕರಲು ಹೊಡೆಯುವವರು ಮಾತ್ರ ಸಿಕ್ಕಲಿಲ್ಲ.

ಮನೆ ಬಿದ್ದ ಮೇಲೆ ಇನ್ನೊಂದು ವರ್ಗದ ರಸಿಕರು ಬರುತ್ತಾರೆ. ಕಂಬ, ಬೋದಿಗೆ, ಬಾಗಿಲುವಾಡ ಲಾರಿ ಹತ್ತಿ ಬೆಂಗಳೂರಿನ ಕಡೆಯ ರೆಸಾರ್ಟ್ ಸೇರುತ್ತವೆ. ಬೋದಿಗೆಯ ಮೇಲೆ ತೊಲೆಯಿಲ್ಲ, ಆರ್‌ಸಿಸಿ ಇದೆ. ಭಾರ ಹೊರದ ಕಂಬಕ್ಕೆ 'ಪಾರಂಪರಿಕ ಸೊಗಡು' ಎಂದು ರಾತ್ರಿಯ ಬಾಡಿಗೆಯಲ್ಲಿ ಹೆಚ್ಚುವರಿ ದರ.

ಮನೆ ಕಳೆದುಕೊಂಡವನಿಗೆ ಸಿಗುವುದು ಯೋಜನೆಯ ಮನೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆ ಜಾಗವೂ ಅದರಲ್ಲೇ ಸೇರಿ. ಬಯಲು ಸೀಮೆಗೆ ಕೇಂದ್ರ ನಿಗದಿ ಮಾಡಿದ ನೆರವು 1.20 ಲಕ್ಷ, ಅದೂ ಕಂತಿನಲ್ಲಿ. ತಳಪಾಯದ ಮುಂದೆ, ಗೋಡೆಯ ಮುಂದೆ, ಸೂರಿನ ಮುಂದೆ ಫೋಟೊ ತೆಗೆಸಿಕೊಂಡು ಬಿಲ್ಲಾಗಲು ಕಾಯಬೇಕು. ಸಿಮ್ಸ್‌ನಲ್ಲಿ 'ಮದರ್‌ಲೋಡ್' ಎಂದು ಒತ್ತಿದರೆ 50,000 ಸಿಮೋಲಿಯನ್ ತಕ್ಷಣ ಜಮಾ. ಹಣದ ಮಾತು ಹೋಗಲಿ, ಆ 25 ಚದರ ಮೀಟರಿನಲ್ಲಿ ಮಗ್ಗದ ಕುಣಿ ಎಲ್ಲಿ ತೋಡುವುದು? ಹಸು ಎಲ್ಲಿ ಕಟ್ಟುವುದು? ಆಟದ ಮನೆಯಲ್ಲಾದರೆ ಬಾಗಿಲಿಗೆ ಅಡ್ಡ ಮಂಚವಿಟ್ಟ ಕೂಡಲೇ ಸಿಮ್ ನಿಂತಲ್ಲೇ ನಿಂತು ಕೈ ಬೀಸಿ ಕೂಗುತ್ತಾನೆ, ತಲೆಯ ಮೇಲೆ ಗುರುತು ಮಿಂಚುತ್ತದೆ. ಕಟ್ಟಿದವನು ಮಂಚ ತೆಗೆಯಲೇಬೇಕು. ಮಕ್ಕಳ ಆಟವೆಂದು ಹಾಸ್ಯ ಮಾಡುವ ಈ ವಸ್ತುವಿನಲ್ಲಿ ವಾಸಿಸುವವನಿಗೆ ತಕರಾರಿನ ಹಕ್ಕಿದೆ. ನಕ್ಷೆ ಬರೆಯುವ ನಮ್ಮ ಕಚೇರಿಗಳಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ.

3.0 ಹಟ್ಟಿ: ವೃತ್ತಾಕಾರದ ಸಮುದಾಯ ಪ್ರಜ್ಞೆ

ಪಶುಪಾಲಕ ಸಮುದಾಯವಾದ ಕಾಡುಗೊಲ್ಲರ ಹಟ್ಟಿಯ ಸುತ್ತ ಮುಳ್ಳು ಬೇಲಿಯಿರುತ್ತದೆ. ವಿದ್ವಾಂಸರಿಗೆ ಇದು ಬಲು ಪ್ರಿಯ. 'ಒಳ-ಹೊರಗುಗಳ ದ್ವಂದ್ವಾತ್ಮಕ ಅವಕಾಶ' ಎಂದೆಲ್ಲ ಬರೆಯುತ್ತಾರೆ. ಹೊರಗಿರುವುದು ಯಾರೆಂದು ಒಂದು ಸಾಲು ಬರೆಯಿರಪ್ಪಾ. ಮುಟ್ಟಾದವರು, ಹೆತ್ತವರು. 2023ರ ಜುಲೈನಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆಯಲ್ಲಿ, ಊರ ಹೊರಗಿನ ಗುಡಿಸಲಲ್ಲಿ ಬಾಣಂತಿಯ ಜೊತೆ ಇದ್ದ ಹಸುಗೂಸು ಸತ್ತಿತು. ಅದಕ್ಕೆ ದ್ವಂದ್ವಾತ್ಮಕತೆ ಎಂದು ಹೆಸರಿಡುವವರ ಬಾಯಿಗೆ ಏನು ಹೇಳುವುದು. ಹಳೆಯದೆಲ್ಲ ಚೆಂದವೆಂಬ ಭ್ರಮೆ ಈ ಅಧ್ಯೇತನಿಗಿಲ್ಲ. ಒಲೆಯ ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಹೆಂಗಸರು ಈ ಸೀಮೆಯ ಪ್ರತಿ ಮನೆತನದಲ್ಲೂ ಸಿಗುತ್ತಾರೆ. ಹುಡುಗಿ ತನ್ನ ಆಟದ ಮನೆಯಲ್ಲಿ ಬಚ್ಚಲು, ಶೌಚಾಲಯ ಎರಡನ್ನೂ ಒಳಗೇ ಇಟ್ಟಳು. "ಇತಿಹಾಸಕ್ಕೆ ಅಪಚಾರ ಆಗುತ್ತಲ್ಲವ್ವ" ಎಂದದ್ದಕ್ಕೆ, "ಆಗ್ಲಿ ಬಿಡು ಮಾಮ" ಎಂದಳು. ಪ್ರಸ್ತುತ ಪ್ರಬಂಧ ಇದನ್ನು ಯಾವ ಅಡಿಟಿಪ್ಪಣಿಯೂ ಇಲ್ಲದೆ ಒಪ್ಪುತ್ತದೆ.

ನಿವೇಶನ

ಸಂಖ್ಯೆ ಹಾಕಿಲ್ಲ. ಹಾಕುವ ಮನಸ್ಸಿಲ್ಲ.

ಆಟದಲ್ಲಿ ಮನೆಗೂ ಮೊದಲು ನಿವೇಶನ ಆರಿಸಬೇಕು. ಅತಿ ದೊಡ್ಡದೆಂದರೆ 64ಕ್ಕೆ 64 ಚೌಕ. ಆ ಗೆರೆಯಾಚೆ ಒಂದು ಕಲ್ಲು ಇಡಲೂ ಆಗುವುದಿಲ್ಲ. ಅಕ್ಕಪಕ್ಕದ ಬಯಲು, ಗುಡ್ಡ ಎಲ್ಲ ನೋಡಲಿಕ್ಕೆ ಮಾತ್ರ. ಹುಡುಗಿಗೆ ಕಷ್ಟವಾದದ್ದು ಇಲ್ಲಿ. ಅವಳ ಓರಗೆಯ ಗೆಳತಿಯೊಬ್ಬಳದು ಕಂಬಳಿ ನೇಯುವ ಮನೆತನ. ಅವರ ಮನೆಯನ್ನೂ ಪಕ್ಕದಲ್ಲಿ ಕಟ್ಟಲು ಹೋದಳು. ಚಳ್ಳಕೆರೆಯ ಕಂಬಳಿಯ ಉದ್ದದ ಹಾಸನ್ನು ಬೀದಿಯಲ್ಲಿ ಎಳೆದು ಕಟ್ಟಿ, ಹುಣಸೆ ಬೀಜದ ಸರಿ ಹಚ್ಚಿ, ಕುಂಚದಲ್ಲಿ ತೀಡಿ ಒಣಗಿಸುತ್ತಾರೆ. ಆ ಮನೆಯ ಅತಿ ದೊಡ್ಡ ಕೋಣೆ ಬೀದಿ. ಆ ಬೀದಿಗೆ ಉಣ್ಣೆ ಬರುತ್ತಿದ್ದದ್ದು ಕಾವಲಿನಿಂದ.

ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ, ಮುಂದೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ ತಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳೇ ಈ ಕಾವಲುಗಳು. ಸುತ್ತಲ ಹಳ್ಳಿಗಳ ಕುರಿ, ಮೇಕೆ, ಕಿಲಾರಿಗಳು ಕಾಯುವ ದೇವರೆತ್ತು ಎಲ್ಲಕ್ಕೂ ಇವೇ ಆಸರೆಯಾಗಿದ್ದವು. 2010ರ ಆಸುಪಾಸಿನಲ್ಲಿ ಖುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅದರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ. ಗೋಡೆ ಎದ್ದಿತು. ಹಳ್ಳಿಯವರು ಧರಣಿ ಕೂತರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2017ರ ಮೇ 28ರಂದು ವಿಮಾನ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು. ವಿಜ್ಞಾನ ಬೇಡವೆಂದು ಯಾರೂ ಹೇಳಲಿಲ್ಲ. ಕುರಿ ಎಲ್ಲಿ ಮೇಯಬೇಕೆಂದು ಕೇಳಿದರು, ಅಷ್ಟೆ. 'ಬಂಜರು' ಎಂದು ಕಡತದಲ್ಲಿ ಬರೆದ ನೆಲದಲ್ಲಿ ಕುರಿ ಹೊಟ್ಟೆ ತುಂಬಾ ಮೇಯುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಲು ಎಷ್ಟು ಅಂತರ್‌ಶಿಸ್ತೀಯತೆ ಬೇಕು?

ಕಾವಲು ಹೋದರೆ ಕುರಿ ಕಡಿಮೆ, ಕುರಿ ಕಡಿಮೆಯಾದರೆ ಉಣ್ಣೆ ಇಲ್ಲ, ಉಣ್ಣೆ ಇಲ್ಲದ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ, ಮಗ್ಗವಿಲ್ಲದ ಮನೆಗೆ ಕರಲು ಹೊಡೆಯುವ ಗರಜು ಯಾರಿಗೂ ಇಲ್ಲ. ಮಾಳಿಗೆ ಎರಡು ಮಳೆಗಾಲದಲ್ಲಿ ಕೂರುತ್ತದೆ. ಆಮೇಲೆ ಕ್ಯಾಮೆರಾ ಹಿಡಿದು ನಾವು ಹೋಗುತ್ತೇವೆ. 'ಕಾಲದ ಹೊಡೆತಕ್ಕೆ ಸಿಲುಕಿ' ಎಂದು ಬರೆಯುತ್ತೇವೆ. ಹೊಡೆದದ್ದು ಕಾಲವಲ್ಲ. ಆದೇಶಕ್ಕೆ ದಿನಾಂಕವಿದೆ, ಕಡತಕ್ಕೆ ನಂಬರಿದೆ, ಸಹಿಯಿದೆ.

ಬರುವ ವರ್ಷದ ಸಂಕಿರಣ 'ಕಂಬಳಿ ಸಂಸ್ಕೃತಿ: ಹೊಸ ಒಳನೋಟಗಳು' ಎಂಬ ವಿಷಯದ ಮೇಲೆ ನಡೆದರೆ ಆಶ್ಚರ್ಯವಿಲ್ಲ. ಉದ್ಘಾಟಕರಿಗೆ ಕಂಬಳಿ ಹೊದಿಸಿ ಸನ್ಮಾನ ಮಾಡುವುದಂತೂ ಖಚಿತ. ಸಂಘಟಕರು ಅದನ್ನು ಪಾಣಿಪತ್‌ನಿಂದ ಸಗಟು ದರದಲ್ಲಿ ತರಿಸುತ್ತಾರೆ.