ಕಿಟಕಿ ಸೀಟು

‘ಸೀನಿಕ್ ರೈಲ್ವೆ’ ಎಂಬ ಹೆಸರು ಕೇಳಿ ಮೋಸಹೋದವನು ನಾನು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ರೈಲು, ಅದರ 57 ಸುರಂಗ, ಎಡಕುಮೇರಿಯ ಮಂಜು, ಪೊಟ್ಟಣದ ಚುರುಮುರಿ ಎಲ್ಲ ಕಣ್ಣಮುಂದೆ ಬಂತು. ಮೆಲ್ಬರ್ನಿನಲ್ಲಿ ತಂಗಿಯ ಮಗ ‘ಬನ್ನಿ ಮಾವ, ಸಮುದ್ರ ಕಾಣುತ್ತೆ’ ಎಂದಾಗ ನಾನು ವಿಚಾರಿಸಿದ್ದು ಒಂದೇ: ಕಿಟಕಿ ಸೀಟು ಸಿಗುತ್ತಾ?

ಸೇಂಟ್ ಕಿಲ್ಡಾದ ಲೂನಾ ಪಾರ್ಕಿನ ಬಾಗಿಲೆಂದರೆ ಒಂದು ದೈತ್ಯ ಮುಖದ ತೆರೆದ ಬಾಯಿ. ಅಲ್ಲೇ ನನಗೆ ತಿಳಿಯಬೇಕಿತ್ತು. ಒಳಗೆ ಹೋದರೆ ಪಾರ್ಕಿನ ಸುತ್ತಲೂ ಬಿಳಿ ಮರದ ಅಟ್ಟಣೆ, ಅದರ ಮೇಲೆ ಏರಿಳಿಯುವ ಹಳಿ. ಅದು ರೋಲರ್ ಕೋಸ್ಟರ್! 1912ರಿಂದ ಎಡೆಬಿಡದೆ ಓಡುತ್ತಿದೆಯಂತೆ, ಜಗತ್ತಿನಲ್ಲಿ ಇಷ್ಟು ಕಾಲ ಬಿಡದೆ ಓಡಿದ್ದು ಇನ್ನೊಂದಿಲ್ಲವಂತೆ. ಅಳಿಯ ಇದನ್ನು ಧೈರ್ಯ ಬರಲೆಂದು ಹೇಳಿದ. ನಮ್ಮ ಊರಮನೆಯ ಅಟ್ಟಕ್ಕೂ ಅಷ್ಟೇ ವಯಸ್ಸು. ಅದನ್ನು ಹತ್ತುವಾಗ ಅಜ್ಜಿ ಕೂಗುತ್ತಿದ್ದಳು, ‘ತೊಲೆ ಮೇಲೆ ಕಾಲಿಡೋ, ಹಲಗೆ ಮೇಲಲ್ಲ!’

ಕಿಟಕಿ ಇರಲಿಲ್ಲ. ರೈಲಿನ ನಡುವೆ ಒಬ್ಬ ಹುಡುಗ ಲಿವರ್ ಹಿಡಿದು ನಿಂತಿದ್ದ. ಟಿಕೆಟ್ ಕೇಳುತ್ತಾನೆಂದು ನನ್ನ ಕೈ ಜೇಬಿಗೆ ಹೋಯಿತು. ಆದರೆ ಅವನು ಬ್ರೇಕ್‌ಮನ್. ನಾವು ಕಂಬಿ ಅವುಚಿಕೊಂಡು ಕೂತರೆ ಅವನು ನಿಂತೇ ಬರುವವನು.

ಮೇಲೇರಿದಾಗ ಪೋರ್ಟ್ ಫಿಲಿಪ್ ಕೊಲ್ಲಿ ನಿಜಕ್ಕೂ ಕಂಡಿತು, ಒಂದು ಗುಟುಕಿನಷ್ಟು. ಆಮೇಲೆ ನಾನು ಕೆಳಗೆ ಹೋದೆ, ಹೊಟ್ಟೆ ಅಲ್ಲೇ ಉಳಿಯಿತು. ಕೆಳಗಿನ ಮರವೆಲ್ಲ ಎತ್ತಿನಗಾಡಿಯಂತೆ ಕಿರುಗುಟ್ಟಿತು. ನಾನು ‘ಅಯ್ಯಯ್ಯೋ ಮಂಜುನಾಥ’ ಎನ್ನುತ್ತಲೇ ಇದ್ದೆ. ಹಿಂದಿನ ಸೀಟಿನ ಹೆಂಗಸು ಅದನ್ನು ಯೋಗದ ಮಂತ್ರವೆಂದು ತಿಳಿದಿರಬೇಕು, ಇಳಿದ ಮೇಲೆ ಕೈಮುಗಿದಳು.

ಕಾಫಿ ಕುಡಿಯುವಾಗ ಅಳಿಯ ಉಳಿದದ್ದನ್ನು ಹೇಳಿದ. ಈಗಿನ ಕೋಸ್ಟರ್‌ಗಳಲ್ಲಿ ಹಳಿಯ ಕೆಳಗೂ ಒಂದು ಜೊತೆ ಗಾಲಿ ಇರುತ್ತದೆ, ಗಾಡಿ ಮೇಲೆ ಹಾರದಂತೆ ಅದು ಕಚ್ಚಿ ಹಿಡಿಯುತ್ತದೆ. ಅದಕ್ಕೆ ಜಾನ್ ಮಿಲ್ಲರ್ ಎಂಬಾತ ಪೇಟೆಂಟ್ ಪಡೆದದ್ದು 1919ರಲ್ಲಿ. ಇದು ಅದಕ್ಕಿಂತ ಏಳು ವರ್ಷ ಹಿರಿಯದು.

‘ಹಾಗಾದ್ರೆ ನಮ್ಮನ್ನು ಹಳಿ ಮೇಲೆ ಹಿಡಿದಿಟ್ಟದ್ದು ಏನೋ?’

‘ನಿಮ್ಮ ತೂಕ ಮಾವ. ಮತ್ತೆ ಆ ಹುಡುಗನ ಕೈ.’

ನನ್ನ ತೂಕಕ್ಕೆ ಇಂಥ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಮರದ ಕೋಸ್ಟರ್ ಎಂದರೆ ಮುಗಿಯದ ರಿಪೇರಿ. ಮಳೆಗೆ ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಹಳಿಯುದ್ದಕ್ಕೂ ನಡೆದು ನೋಡುತ್ತ ನಟ್ಟು ಬಿಗಿಯಬೇಕು, ಲಡ್ಡಾದ ಹಲಗೆ ಕಿತ್ತು ಹೊಸದು ಕೂರಿಸಬೇಕು. ಹೀಗೆ ಬದಲಿಸುತ್ತ ಹೋದರೆ 1912ರದ್ದು ಎನ್ನಲು ಉಳಿಯುವುದೇನು ಎಂದು ನಾನು ಕೇಳಲಿಲ್ಲ. ನಮ್ಮೂರ ತೇರಿನ ಅಚ್ಚು, ಗಾಲಿ ಎಲ್ಲ ಬದಲಾಗಿದ್ದರೂ ಅದು ಮುತ್ತಜ್ಜನ ಕಾಲದ ತೇರೇ. ಅದು ಇಳಿಜಾರಿಗೆ ಬಂದಾಗ ಗಾಲಿಯಡಿಗೆ ಮರದ ತುಂಡು ಕೊಡುತ್ತ ಓಡುವವನೊಬ್ಬ ಇರುತ್ತಾನೆ. ಬಾಳೆಹಣ್ಣು ಎಸೆಯುವ ಗಡಿಬಿಡಿಯಲ್ಲಿ ಅವನ ಮುಖ ನಾನು ಒಮ್ಮೆಯೂ ನೋಡಿಲ್ಲ.

ಸಂಜೆ ಮತ್ತೊಮ್ಮೆ ಹತ್ತಿದೆ. ಕೊಲ್ಲಿಗೆ ಬೆನ್ನು ಹಾಕಿ, ಕುತ್ತಿಗೆ ತಿರುಗಿಸಿ ಆ ಹುಡುಗನ ಕೈಯನ್ನೇ ನೋಡುತ್ತ ಕೂತೆ. ಹೊರಡುವ ಮುನ್ನ ಅವನು ಅದೇ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಧಾನವಾಗಿ ಒಂದು ಆಕಳಿಕೆ ತೆಗೆದ.